ಆಂಟಿಯ ಮೊದಲ ಎರಡು ಬೇಡ

ನಾನು ಹೆಂಡತಿಯ ವೀಸಾದ ಮೇಲೆ ಆಸ್ಟ್ರೇಲಿಯಾಕ್ಕೆ ಬಂದವನು. ಓದಿದವಳು ಅವಳು. ನಾನು ಎಸ್‌ಎಸ್‌ಎಲ್‌ಸಿ ಎರಡು ಸಲ ಕಟ್ಟಿ ಎರಡು ಸಲವೂ ಫೇಲಾಗಿ ಹುಬ್ಬಳ್ಳಿಯಲ್ಲಿ ಟೆಂಪೊ ಓಡಿಸುತ್ತಿದ್ದೆ. ಇಲ್ಲಿ ಮೆಲ್ಬರ್ನ್‌ನ ವೆರಿಬೀಯಲ್ಲಿ ಮಿನಿಬಸ್ ಓಡಿಸುತ್ತೇನೆ. ಸರ್ಕಾರದ ಮಾನವ ಸೇವೆಗಳ ಇಲಾಖೆಯ ಬಸ್ಸು. ಬುಧವಾರ ವಯಸ್ಸಾದವರನ್ನು ಮನೆಮನೆಯಿಂದ ಹತ್ತಿಸಿಕೊಂಡು ಕಮ್ಯುನಿಟಿ ಹಾಲ್‌ಗೆ ಬಿಡಬೇಕು, ಊಟ ಆದ ಮೇಲೆ ವಾಪಸ್ ಮನೆ ಮುಟ್ಟಿಸಬೇಕು.

ಆ ಬಸ್ಸಿಗೆ ಧಾರವಾಡದ ಒಬ್ಬ ಆಂಟಿ ಬರುತ್ತಾರೆ. ವಯಸ್ಸು ಅಜ್ಜಿಯದು, ಆದರೆ ಇಲ್ಲಿ ಎಲ್ಲರೂ ಆಂಟಿಯೇ. ಮಗ ಸೊಸೆ ಕೆಲಸಕ್ಕೆ ಹೋಗುತ್ತಾರೆ. ಮೊಮ್ಮಗಳು ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ. ಹಾಲ್‌ನಲ್ಲಿ ಆಂಟಿಗೆ ಗ್ರೀಸ್ ದೇಶದ ಒಬ್ಬ ಗೆಳತಿ ಇದ್ದಾಳೆ. ಇಬ್ಬರಿಗೂ ಇಂಗ್ಲಿಷ್ ಅಷ್ಟಕ್ಕಷ್ಟೆ. ಕೂತು ಇಸ್ಪೀಟು ಆಡುತ್ತಾರೆ. ಮೋಸ ಮಾಡಿದಾಗ ಇವರು ಕನ್ನಡದಲ್ಲಿ ಬೈಯುತ್ತಾರೆ, ಅವಳು ಗ್ರೀಕ್‌ನಲ್ಲಿ. ಜಗಳಕ್ಕೆ ಏನೂ ಕಮ್ಮಿಯಾಗುವುದಿಲ್ಲ.

ಆಂಟಿಗೆ ಮೊಣಕಾಲು ನೋವು. ಹತ್ತುವಾಗ ಮುಂದಿನ ಸೀಟು ಬೇಕೇನ್ರಿ ಎಂದು ಕೇಳುತ್ತಿದ್ದೆ. ಬ್ಯಾಡ ಎನ್ನುತ್ತಿದ್ದರು. ನಾನು ಗಾಡಿ ಬಿಡುತ್ತಿದ್ದೆ. ಬೇಡ ಅಂದರೆ ಬೇಡ. ಅದರಲ್ಲಿ ಸುತ್ತಿ ಬಳಸುವುದು ಏನಿದೆ?

ಇಲಾಖೆಯವರು ವರ್ಷಕ್ಕೊಮ್ಮೆ ಪ್ಲ್ಯಾನಿಂಗ್ ಡೇ ಮಾಡುತ್ತಾರೆ. ಬರುವ ವರ್ಷ ಯಾವ ಕೆಲಸ ಇಟ್ಟುಕೊಳ್ಳಬೇಕು, ಯಾವುದು ಬಿಡಬೇಕು ಎಂದು ಕೂತು ತೀರ್ಮಾನಿಸುವ ದಿನ. ಈ ಸಲ ಬುಧವಾರದ ಬಸ್ಸು ನಿಲ್ಲಿಸುವ ಮಾತಿತ್ತು. ಬಸ್ಸಿನಲ್ಲಿ ಬರುವವರ ಪರವಾಗಿ ಆಂಟಿಯನ್ನೇ ಕರೆದಿದ್ದರು. ವೆರಿಬೀಯಿಂದ ಸಭೆ ಇದ್ದ ಬಾಕ್ಸ್ ಹಿಲ್ ತನಕ ನಾನೇ ಕರೆದುಕೊಂಡು ಹೋದೆ. ಬಸ್ ನಿಂತರೆ ತಾನು ಮನೆಯಲ್ಲಿ ಗೋಡೆ ನೋಡುತ್ತ ಕೂರಬೇಕು, ಸುಮ್ಮನೆ ಬಿಡುವುದಿಲ್ಲ, ಎದುರಿಗೇ ಹೇಳುತ್ತೇನೆ ಎಂದು ಆಂಟಿ ಫ್ರೀವೇ ಉದ್ದಕ್ಕೂ ಗುಡುಗಿದರು.

ಸಭೆ ನಡೆಸಲು ನಾರ್ತ್ ಸಿಡ್ನಿಯಿಂದ ಒಬ್ಬ ಕನ್ಸಲ್ಟೆಂಟ್ ಬೆಳಗಿನ ವಿಮಾನಕ್ಕೆ ಬಂದಿದ್ದ. ಗೋಡೆಗೆ ದೊಡ್ಡ ಹಾಳೆ ಅಂಟಿಸಿದ್ದ. ಒಂದು ಕಡೆ ಇಟ್ಟುಕೊಳ್ಳುವುದು, ಇನ್ನೊಂದು ಕಡೆ ನಿಲ್ಲಿಸುವುದು. ಒಂದೊಂದು ಕೆಲಸಕ್ಕೂ ಒಂದು ಹಳದಿ ಚೀಟಿ. ಬಸ್ಸಿನ ಚೀಟಿ ನಟ್ಟನಡುವೆ ಇತ್ತು. ಊಟದ ತನಕ ಪ್ಲ್ಯಾನಿನ ಪಿಲ್ಲರ್‌ಗಳು ಯಾವುವು ಎಂದೇ ಚರ್ಚೆ. ಮನೆ ಕಟ್ಟುವವರೂ ಕಂಬದ ಬಗ್ಗೆ ಅಷ್ಟು ಮಾತಾಡುವುದಿಲ್ಲ.

ಇಂಗ್ಲಿಷಿಗೆ ತಿರುಗಿಸಿ ಹೇಳಬೇಕಾದವರು ಬರಲಿಲ್ಲ. ಇಲಾಖೆಯ ಮ್ಯಾನೇಜರಮ್ಮ ನನ್ನನ್ನೇ ಆಂಟಿಯ ಪಕ್ಕ ಕೂರಿಸಿದಳು. ಕನ್ಸಲ್ಟೆಂಟ್ ಬಂದು ಬಗ್ಗಿ, ಬರುವ ವರ್ಷ ನಿಮಗೆ ಬಸ್ಸು ಬೇಕಾ ಎಂದು ಕೇಳಿದ. ನಾನು ಕನ್ನಡದಲ್ಲಿ ಹೇಳಿದೆ. ಆಂಟಿ ಸೆರಗು ಸರಿ ಮಾಡಿಕೊಂಡು ನಕ್ಕರು.

"ಏನೂ ಬ್ಯಾಡ್ರಿ. ಎಲ್ಲಾ ಛಲೋ ಐತಿ."

ಹೇಳಿದ್ದನ್ನು ಹೇಳಿದಂತೆ ಇಂಗ್ಲಿಷ್ ಮಾಡಿದೆ. ಅವನು ಥ್ಯಾಂಕ್ಸ್ ಹೇಳಿ ಚೀಟಿಯನ್ನು ನಿಲ್ಲಿಸುವ ಕಡೆಗೆ ಅಂಟಿಸಿದ. ಆಂಟಿಯ ಮುಖ ಸಣ್ಣಗಾಯಿತು. ನನಗೆ ತಲೆ ಕೆಟ್ಟಿತು.

"ದಾರಿಯಾಗ ಅಷ್ಟ ಹಾರಾಡಿದ್ರಿ, ಈಗ ಏನಾತ್ರಿ?"

"ಒಮ್ಮೆ ಕೇಳಿದ ಕೂಡ್ಲೇ ಬೇಕು ಅಂದ್ರ ಏನ್ ತಿಳ್ಕೊಂತಾರೋ, ತಮ್ಮಾ? ಅವ್ರು ಇನ್ನೊಮ್ಮೆ ಕೇಳ್ಲಿ."

ಆಗ ನನಗೆ ಹೊಳೆಯಿತು. ನಮ್ಮ ಕಡೆ ಊಟಕ್ಕೆ ಕೂತವರು ಮೊದಲ ಸಲ ಹೋಳಿಗೆ ಬೇಡ ಎನ್ನುತ್ತಾರೆ. ಎರಡನೇ ಸಲ ಎಲೆಗೆ ಕೈ ಅಡ್ಡ ಹಿಡಿಯುತ್ತಾರೆ. ಮೂರನೇ ಸಲ ಕೈ ತೆಗೆಯುತ್ತಾರೆ. ಬಡಿಸುವವರು ಒಂದೇ ಸಲ ಕೇಳಿ ಮುಂದೆ ಹೋದರೆ ಜನ್ಮಪೂರ್ತಿ ಅದೇ ಮಾತು. ಇದನ್ನು ಎದ್ದು ನಿಂತು ನನ್ನ ಹರಕು ಇಂಗ್ಲಿಷಿನಲ್ಲಿ ಹೇಳಿದೆ. ಈ ಹೆಂಗಸಿನ ಮೊದಲ ಎರಡು ಬೇಡ ಲೆಕ್ಕಕ್ಕಿಲ್ಲ, ಮತ್ತೆ ಕೇಳಿ ಎಂದೆ. ಕನ್ಸಲ್ಟೆಂಟ್ ಗಡಿಯಾರ ನೋಡಿದ. ಮ್ಯಾನೇಜರಮ್ಮ ಮಾತ್ರ ಕುರ್ಚಿ ಎಳೆದುಕೊಂಡು ಆಂಟಿಯ ಎದುರು ಕೂತು ಕೇಳಿದಳು. ಮೊದಲು ಕಷ್ಟದಲ್ಲಿ ಇರುವವರಿಗೆ ಕೊಡಿ, ನಂದೇನು ದೊಡ್ಡದಲ್ಲ ಎಂದರು ಆಂಟಿ. ಅವಳು ನನ್ನ ಕಡೆ ನೋಡಿದಳು. ನಾನು ತಲೆ ಆಡಿಸಿದೆ. ಮತ್ತೆ ಕೇಳಿದಳು.

"ಬಸ್ ನಿಲ್ಲಸಬ್ಯಾಡ್ರಿ," ಎಂದರು ಆಂಟಿ. "ಅಲ್ಲೆ ಒಬ್ಬಾಕಿ ನನ್ನ ಹಾದಿ ಕಾಯ್ತಾಳ. ಆಕಿಗೆ ನಾ ಬಿಟ್ರ ಬೈಯಾಕ ಯಾರೂ ಇಲ್ಲ."

ಇದನ್ನೂ ಹೇಳಿದಂತೆಯೇ ಇಂಗ್ಲಿಷ್ ಮಾಡಿದೆ. ಮ್ಯಾನೇಜರಮ್ಮ ತಾನೇ ಎದ್ದು ಹೋಗಿ ಚೀಟಿಯನ್ನು ಕಿತ್ತು ಇಟ್ಟುಕೊಳ್ಳುವ ಕಡೆ ಅಂಟಿಸಿದಳು. ಅಂಟು ಹೋಗಿತ್ತು, ಬಿತ್ತು. ಕನ್ಸಲ್ಟೆಂಟ್ ಟೇಪ್ ತಂದು ಕೊಟ್ಟ.

ಪ್ಲ್ಯಾನ್ ಪಾಸಾಯಿತು. ಬಸ್ಸು ಇನ್ನೊಂದು ವರ್ಷ ಇರುತ್ತದೆ. ಆಮೇಲೆ ಮತ್ತೆ ಕೇಳುತ್ತಾರಂತೆ. ಎಷ್ಟು ಸಲ ಕೇಳಬೇಕು ಎಂದು ಈಗ ಅವರಿಗೆ ಗೊತ್ತು.

ಮುಂದಿನ ಬುಧವಾರ ಆಂಟಿ ಬಾಗಿಲ ಹತ್ತಿರ ಬಂದಾಗ ನಾನು ಟೈಮ್ ಉಳಿಸಲು ಮುಂದಿನ ಸೀಟು ಬೇಕಾ, ಬೇಕಾ, ಬೇಕಾ ಎಂದು ಒಂದೇ ಉಸಿರಿಗೆ ಕೇಳಿದೆ. ಆಂಟಿ ಮೆಟ್ಟಿಲ ಮೇಲೆ ನಿಂತುಬಿಟ್ಟರು.

"ಹಂಗಲ್ಲ. ಒಂದೊಂದಾಗಿ ಕೇಳು."

ಹಿಂದೆ ಕಾರಿನವನು ಹಾರ್ನ್ ಹೊಡೆಯುತ್ತಿದ್ದ. ಒಂದೊಂದಾಗಿ ಕೇಳಿದೆ.