ಗೋಡೆಗೆ ಮುಖ ಮಾಡಿ ನಿಂತ ಅತ್ತೆ

ಹೋದ ವರ್ಷ ದೀಪಾವಳಿ ಮುಗಿದ ಮೇಲಿನ ಮಾತು. ನನಗೆ ಪಿತ್ತಕೋಶದ ಕಲ್ಲಿನ ಆಪರೇಶನ್ ಆಗಬೇಕಿತ್ತು. ಅದಕ್ಕೂ ಮೊದಲು ಹೃದಯದ ತಪಾಸಣೆ ಆಗಲೇಬೇಕು ಎಂದರು. ನಮ್ಮ ಮನೆಯವರಿಗೆ ಪವರ್‌ಲೂಮಿನ ಪಾಳಿ ತಪ್ಪಿಸಲು ಆಗಲಿಲ್ಲ. ಇಚಲಕರಂಜಿಯಿಂದ ಕೊಲ್ಹಾಪುರದ ಆಸ್ಪತ್ರೆಗೆ ನನ್ನ ಜೊತೆ ಎಸ್ಟಿ ಬಸ್ಸು ಹತ್ತಿದವರು ಅತ್ತೆ. ಮಾವ ಎದೆನೋವು ಬಂದು ತೀರಿಹೋದವರು. ಹಾಗಾಗಿ ದಾರಿಯುದ್ದಕ್ಕೂ ಅತ್ತೆ ನನ್ನ ಆಸ್ಪತ್ರೆ ಫೈಲನ್ನು ಎದೆಗೆ ಅವಚಿಕೊಂಡೇ ಕೂತಿದ್ದರು.

ಮಲಗಿಸಿ ನೋಡುತ್ತಾರೆ ಎಂದುಕೊಂಡಿದ್ದೆ. ಅಲ್ಲಿ ನೋಡಿದರೆ ಟ್ರೆಡ್‌ಮಿಲ್! ಸೀರೆ ಬಿಡಿಸಿ, ಪೈಜಾಮ, ಸಡಿಲ ಅಂಗಿ ತೊಡಿಸಿ, ಎದೆಗೆ ವೈರು ಅಂಟಿಸಿದರು. ಮದುವೆಯಾಗಿ ಬಂದಾಗಿನಿಂದ ಅತ್ತೆಯ ಎದುರು ತಲೆ ಮೇಲಿನ ಸೆರಗು ಜಾರಿಸದ ನಾನು ಪೈಜಾಮದಲ್ಲಿ ಅವರ ಮುಂದೆ ಓಡಬೇಕಿತ್ತು. ಧೈರ್ಯಕ್ಕಿರಲಿ ಎಂದು ಅವರನ್ನು ಒಳಗೆ ಕರೆದುಕೊಂಡು ಬಂದವಳೂ ನಾನೇ! ದಿಕ್ಕು ತೋಚದೆ ಒಂದು ಟವೆಲ್ಲನ್ನು ತಲೆಗೆ ಹೊದ್ದುಕೊಂಡೆ.

ಡಾಕ್ಟರಮ್ಮ ಗಡಿ ಊರು ಗಡಹಿಂಗ್ಲಜದವರು, ಕನ್ನಡ ಬರುತ್ತಿತ್ತು. ಮಾನಿಟರ್ ನೋಡಿ ನಕ್ಕರು. "ಇನ್ನಾ ಮಶೀನ್ ಚಾಲೂನ ಮಾಡಿಲ್ರಿ ಅಕ್ಕಾ, ನಿಮ್ಮ ಎದಿ ಆಗಲೇ ಓಡಾಕತ್ತೈತಿ. ಘಾಬರೂ ನಕಾ, ಹೆದರಬ್ಯಾಡ್ರಿ."

ಯಂತ್ರ ಹೊರಟಿತು. ಎರಡೂ ಕೈಯಿಂದ ಸರಳು ಹಿಡಿಯಬೇಕು. ಟವೆಲ್ ಜಾರಿತು. ಕೈ ಬಿಟ್ಟು ಅದನ್ನು ಹಿಡಿಯಲು ಹೋಗಿ ಮುಗ್ಗರಿಸಿದೆ. ಮತ್ತೆ ಶುರು ಮಾಡಿದರು, ಮತ್ತೆ ಅದೇ ಕತೆ.

"ಹಿಂಗಾದ್ರ ತಪಾಸಣಿ ಆಗೂದಿಲ್ರಿ. ಆಪರೇಶನ್ ಮುಂದ ಹೋಗ್ತೈತಿ. ಅಜ್ಜಿ, ನೀವು ಸ್ವಲ್ಪ ಹೊರಗ ಕುಂದರ್ರಿ," ಎಂದರು ಡಾಕ್ಟರು. ನನಗೆ ಅಳುವೇ ಬಂತು. ಆ ಹೊಟ್ಟೆನೋವನ್ನು ಇನ್ನಷ್ಟು ದಿನ ತಡೆಯುವ ತಾಕತ್ತು ನನ್ನಲ್ಲಿರಲಿಲ್ಲ.

ಅತ್ತೆ ಎದ್ದು ಬಂದು ಟವೆಲ್ ಕಸಿದುಕೊಂಡರು. "ಇಕೀನ್ನ ಬಿಟ್ಟು ಹೊರಗಂತೂ ನಾ ಹೋಗೂದಿಲ್ಲ. ನಿನಗ ನನ್ನ ಮುಂದ ನಾಚಿಕಿ ಹೌದಿಲ್ಲ? ತಗೋ, ನಾ ನೋಡೂದಿಲ್ಲ," ಎಂದವರೇ ಗೋಡೆಗೆ ಮುಖ ಮಾಡಿ ನಿಂತುಬಿಟ್ಟರು. "ಓಡು ನನ್ನವ್ವ! ಒಲಿ ಮ್ಯಾಲೆ ಹಾಲ ಉಕ್ಕಾಕತ್ತೈತಿ ಅಂತ ತಿಳ್ಕೊಂಡು ಓಡು!"

ಅಳುವಿನ ನಡುವೆಯೇ ನಗು ಬಂತು. ಕಾಲು ತಾವಾಗಿಯೇ ಹೊರಟವು. ವೇಗ ಏರಿತು, ತುರುಬು ಬಿಚ್ಚಿತು, ಬೆವರು ಸುರಿಯಿತು. ಅತ್ತೆ ಒಮ್ಮೆಯೂ ತಿರುಗಲಿಲ್ಲ.

"ಏಕದಮ್ ಠಣಠಣೀತ್! ಹಾರ್ಟಿಗೆ ಏನೂ ಆಗಿಲ್ರಿ," ಎಂದರು ಡಾಕ್ಟರು.

ಆಗಲೂ ಅತ್ತೆ ಗೋಡೆ ಬಿಡಲಿಲ್ಲ. ನಾನೇ ಹೋಗಿ ಭುಜ ಹಿಡಿದು ತಿರುಗಿಸಿದೆ. ಮುಖವೆಲ್ಲ ಕಣ್ಣೀರು. ನನ್ನ ಕೈ ಎಳೆದು ತಮ್ಮ ಎದೆಯ ಮೇಲಿಟ್ಟುಕೊಂಡರು. "ಇಲ್ನೋಡ, ನಿನಗಿಂತ ಹೆಚ್ಚ ನಾ ಓಡೇನಿ," ಎಂದರು.

ಆಪರೇಶನ್ ಚೆನ್ನಾಗಿ ಆಯಿತು. ಹೊಟ್ಟೆನೋವು ಮರೆತೇ ಹೋಗಿದೆ. ಅಂಗೈಗೆ ತಾಕಿದ ಆ ಬಡಿತ ಮಾತ್ರ ಮರೆತಿಲ್ಲ. ಈಗ ಅತ್ತೆ ಎಷ್ಟೇ ಗದರಿದರೂ ನನಗೆ ಸಿಟ್ಟು ಬರುವುದಿಲ್ಲ. ಒಳಗೆ ಏನಿದೆ ಎಂಬುದು ಗೊತ್ತಾಗಿಬಿಟ್ಟಿದೆ.