ಡೊರೀನಳ ಮಗ ಗೋಲಿಗೆ ನಿಂತ ದಿನ

ಡೊರೀನ್ ಕೊವಾಲ್ಚಿಕ್ ಮಗನ ಕಾಲೇಜು ತಂಡದ ಒಂದು ಪಂದ್ಯವನ್ನೂ ತಪ್ಪಿಸಿದವಳಲ್ಲ. ಆದರೆ ಮಗ ಆಡಿದ್ದನ್ನು ಒಮ್ಮೆಯೂ ನೋಡಿರಲಿಲ್ಲ. ಮಗ ಗ್ರೇಡಿ, ಹಾರ್ಲನ್ ಎಂಬ ಕಾಲೇಜಿನ ಸಾಕರ್ ತಂಡದ ಎರಡನೆಯ ಗೋಲ್‌ಕೀಪರ್. ಮೊದಲ ವರ್ಷ ಯಾರೋ ಹಿರಿಯನಿದ್ದ. ಆಮೇಲೆ ಗ್ರೇಡಿಗಿಂತ ಒಂದು ವರ್ಷ ಚಿಕ್ಕವನಾದ ಬೆನೆಟ್ ಬಂದ. ಬಾಗಿಲಿನಷ್ಟು ಅಗಲದ ಹುಡುಗ. ಅವನಿಗೆ ಜ್ವರ ಬರುತ್ತಿರಲಿಲ್ಲ, ಕಾಲು ಉಳುಕುತ್ತಿರಲಿಲ್ಲ. ಪಂದ್ಯಕ್ಕೆ ಮುಂಚೆ ಬೆನೆಟ್‌ನ ಮೈ ಬಿಸಿಯಾಗಲೆಂದು ಅವನತ್ತ ಚೆಂಡು ಒದೆಯುವುದು, ಆಮೇಲೆ ದಪ್ಪ ಕೋಟು ಹಾಕಿಕೊಂಡು ಬೆಂಚಿನಿಂದ ಕೂಗುವುದು, ಇಷ್ಟೇ ಗ್ರೇಡಿಯ ಆಟ.

ಪೆನ್ಸಿಲ್ವೇನಿಯಾದ ಬೆಟ್ಟದ ದಾರಿಗಳಲ್ಲಿ ಮಂಜು ಸೀಳಿಕೊಂಡು ಡೊರೀನ್ ಕಾರು ಓಡಿಸುತ್ತಿದ್ದಳು. ವಾರವೆಲ್ಲ ಹಲ್ಲಿನ ಡಾಕ್ಟರರ ಕ್ಲಿನಿಕ್ಕಿನಲ್ಲಿ ಫೋನೆತ್ತುವ ಕೆಲಸ. ಅಲ್ಲಿ ಕೂತೇ ಶನಿವಾರದ ಹವಾಮಾನ ನೋಡಿ ನೋಡಿ ಸೊರಗುವಳು. ಮಳೆ ಬಂದರೆ ಮಗ ಜಾರಿ ಬೀಳುತ್ತಾನೆ, ಬಾರದಿದ್ದರೆ ನೆಲ ಗಟ್ಟಿಯಾಗಿ ಮೂಳೆ ಮುರಿಯುತ್ತದೆ. ಆಡದವನು ಬೀಳುವುದಾದರೂ ಎಲ್ಲಿಂದ ಎಂದು ಗಂಡ ವಾಲ್ಟ್ ಕೇಳುತ್ತಿದ್ದ. ಹೆತ್ತವಳ ಹೆದರಿಕೆ ಯಾವಾಗ ಲೆಕ್ಕಕ್ಕೆ ಸಿಕ್ಕಿದೆ? ಹಾಲಿನ ಟ್ಯಾಂಕರ್ ಓಡಿಸುವ ವಾಲ್ಟ್, ಹೆಂಡತಿಯ ಗೊಣಗಾಟದಲ್ಲಿ ಆಟವೇ ಕಾಣುವುದಿಲ್ಲವೆಂದು ಮೈದಾನದ ಆ ತುದಿಯ ಬೇಲಿಗೆ ಒರಗಿ ನಿಲ್ಲುತ್ತಿದ್ದ.

ಪಂದ್ಯ ಮುಗಿದ ಮೇಲೆ ಹುಡುಗರಿಗೆ ಊಟ ಹಾಕುವುದು ತಾಯಂದಿರ ಪಾಲಿನದು. ಕಾರುಗಳ ಡಿಕ್ಕಿ ತೆರೆದು, ಮಡಚುವ ಮೇಜು ಬಿಡಿಸಿ, ಮನೆಯಿಂದ ತಂದದ್ದನ್ನು ಬಡಿಸುವರು. ಡೊರೀನ್ ತರುತ್ತಿದ್ದದ್ದು ಹಲುಷ್ಕಿ: ಎಲೆಕೋಸು, ಈರುಳ್ಳಿಯನ್ನು ಬೆಣ್ಣೆಯಲ್ಲಿ ಬಾಡಿಸಿ ನೂಡಲ್ಸಿಗೆ ಕಲಸಿದ್ದು. ಎಲ್ಲಕ್ಕಿಂತ ಮೊದಲು ತಳ ಕಾಣುತ್ತಿದ್ದದ್ದು ಅದೇ.

"ನನ್ ಮಗ ಗೋಲ್ ಕಾಯ್ತಾನೆ, ನಿನ್ ಮಗ ನಿನ್ ಪಾತ್ರೆ ಕಾಯ್ತಾನೆ ಕಣೇ," ಎಂದು ಬೆನೆಟ್‌ನ ತಾಯಿ ಶೆರ್ಲಿನ್ ಒಮ್ಮೆ ಹಾಸ್ಯ ಮಾಡಿದ್ದಳು. ಡೊರೀನ್ ಎಲ್ಲರ ಜೊತೆ ನಕ್ಕಳು. ಮನೆ ತಲುಪುವ ತನಕ ಅದು ಎದೆಯಲ್ಲಿ ಚುಚ್ಚುತ್ತಲೇ ಇತ್ತು.

ಗ್ರೇಡಿಯ ಕೊನೆಯ ವರ್ಷ ತಂಡ ಸೋಲಿನಿಂದಲೇ ಶುರುಮಾಡಿತು. ಎಲೆ ಕೆಂಪಾಗುವ ಹೊತ್ತಿಗೆ ಅದೇ ಹುಡುಗರು ಗೆಲ್ಲತೊಡಗಿದರು. ನವೆಂಬರಿನ ಮೊದಲ ಶನಿವಾರ ಸ್ವಂತ ಮೈದಾನದ ಕಡೆಯ ಪಂದ್ಯ. ಅದನ್ನು ಗೆದ್ದರೆ ಮುಂದಿನ ಸುತ್ತು, ಇಲ್ಲವಾದರೆ ಅಲ್ಲಿಗೇ ಎಲ್ಲ ಮುಗಿಯಿತು. ಅದೇ ದಿನ ಕೊನೆಯ ವರ್ಷದವರಿಗೆ ಬೀಳ್ಕೊಡುಗೆ. ಅವರು ತಂದೆತಾಯಿಯ ತೋಳು ಹಿಡಿದು ಮೈದಾನದ ನಡುವಿಗೆ ನಡೆಯುತ್ತಾರೆ, ತಾಯಿಗೆ ಹೂಗುಚ್ಛ ಕೊಡುತ್ತಾರೆ. ವರ್ಷವೆಲ್ಲ ಬೆಂಚು ಬಿಸಿ ಮಾಡಿದವನಾದರೂ ಅಂದು ಮೊದಲ ಹನ್ನೊಂದರಲ್ಲಿ ಇಳಿಯಬೇಕು, ಅದು ವಾಡಿಕೆ.

ಡೊರೀನಳಿಗೆ ನಿದ್ದೆ ಹಾರಿಹೋಯಿತು. ಮಗ ಒಮ್ಮೆ ಆಡಲಿ ಎಂದು ಅವಳು ಬೇಡದ ದಿನವಿರಲಿಲ್ಲ. ಆದರೆ ಇಂಥ ದಿನವೇ? ಅವನ ಕೈಜಾರಿ ಸೋತರೆ, ಎಲ್ಲರ ಶ್ರಮವನ್ನು ಮುಳುಗಿಸಿದವನು ಎಂಬ ಹೆಸರು ಹೊತ್ತು ಜನ್ಮವಿಡೀ ತಿರುಗಬೇಕಲ್ಲ.

ಯಾರನ್ನು ಆಡಿಸಬೇಕೆಂದು ತಂದೆತಾಯಿಯರು ತುಟಿ ಬಿಚ್ಚಬಾರದು ಎಂಬುದು ಕೋಚ್ ರಡಿಗರ್ ಮೊದಲ ದಿನವೇ ಹಾಕಿದ್ದ ಕಟ್ಟಳೆ. ಉಳಿದವರು ಒಬ್ಬೊಬ್ಬರಾಗಿ ಅದನ್ನು ಮುರಿದಿದ್ದರು, ಡೊರೀನ್ ಮುರಿದಿರಲಿಲ್ಲ. ಆ ಗುರುವಾರ ಊಟದ ಬಿಡುವಿನಲ್ಲಿ ಅವಳು ಫೋನ್ ಮಾಡಿ, ತನ್ನ ಮಗನನ್ನು ದಯವಿಟ್ಟು ಆಡಿಸಬೇಡಿ ಎಂದಳು.



"ಆಡಿಸಿ ಅಂತ ಅತ್ತೋರನ್ನ ನೋಡಿದೀನಿ," ಎಂದರು ಕೋಚ್. "ಆದ್ರೆ ಆಡಿಸ್ಬೇಡಿ ಅನ್ನೋದೂ ಅದೇ ಮಾತು, ಡೊರೀನ್. ನಾನು ಆ ಮಾತಾಡಲ್ಲ. ಶನಿವಾರ ಬೆಚ್ಚಗೆ ಹಾಕ್ಕೊಂಡ್ ಬನ್ನಿ, ಗಾಳಿ ಜೋರಿರತ್ತೆ."

ಶನಿವಾರ ಧ್ವನಿವರ್ಧಕ ಗ್ರೇಡಿಯ ಹೆಸರು ಕೂಗಿತು. ಬೆಂಚಿನ ಹುಡುಗರೆಲ್ಲ ಎದ್ದು ಕುಣಿದರು. ಚೆಂಡು ಮೊದಲ ಸಲ ಮೈದಾನದ ಅಂಚಿನ ಗೆರೆ ದಾಟಿ ಆಟ ನಿಂತಾಗ ಅವನನ್ನು ಕರೆದು ಬೆನೆಟ್‌ನನ್ನು ಇಳಿಸುವುದು ಎಂದು ಮೊದಲೇ ಮಾತಾಗಿದೆಯೆಂದು ಶೆರ್ಲಿನ್ ಪಿಸುಗುಟ್ಟಿದಳು. ಡೊರೀನಳ ಉಸಿರು ಸ್ವಲ್ಪ ಸಡಿಲವಾಯಿತು. ಆದರೆ ಚೆಂಡು ಗೆರೆ ದಾಟಲೊಲ್ಲದು. ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ, ಹಾಳಾದ್ದು ಮೈದಾನದೊಳಗೇ ಉರುಳಾಡಿತು. ಬೆನೆಟ್ ಕೋಟು ಕಳಚಿ ಅಂಚಿನಲ್ಲಿ ಕಾಯುತ್ತ ನಿಂತೇ ಇದ್ದ. ಆಗ ಎದುರು ತಂಡದ ಕುಳ್ಳನೊಬ್ಬ ದೂರದಿಂದ ಒದ್ದ. ಗ್ರೇಡಿ ಹಾರಿದ. ಚೆಂಡು ಅವನ ಬೆರಳಿಗೆ ಬಡಿದು, ಕಂಬಕ್ಕೆ ತಾಗಿ ಒಳಗೆ ಹೋಯಿತು.

ಡೊರೀನ್ ಹೂಗುಚ್ಛದಲ್ಲಿ ಮುಖ ಮುಚ್ಚಿಕೊಂಡಳು. ಮತ್ತೆ ಕಣ್ಣು ತೆಗೆದಾಗ ಬೆನೆಟ್ ಬೆಂಚಿಗೆ ವಾಪಸು ಹೋಗಿ ಕೋಟು ಹಾಕಿಕೊಳ್ಳುತ್ತಿದ್ದ. ಕೋಚ್ ಕೈ ಕಟ್ಟಿ ನಿಂತಿದ್ದರು. ಗೋಲು ಬಿಟ್ಟ ಹುಡುಗನನ್ನು ಆ ಗಳಿಗೆಯಲ್ಲೇ ಹೊರಗೆ ಕರೆಯಲು ಅವರಿಂದ ಆಗಲಿಲ್ಲವೋ ಏನೋ, ಅರ್ಧ ಆಟ ಮುಗಿಯುವವರೆಗೂ ಗ್ರೇಡಿಯೇ ನಿಂತ. ಒಂದು ಚೆಂಡು ಗುದ್ದಿ ಹೊರಗಟ್ಟಿದ, ಇನ್ನೊಂದನ್ನು ಎದೆಗಪ್ಪಿ ಕೆಸರಿನಲ್ಲಿ ಹೊರಳಿದ. ಎರಡನೆಯ ಅರ್ಧಕ್ಕೆ ಬೆನೆಟ್ ಬಂದ. ಹಾರ್ಲನ್ ಒಂದು ಗೋಲು ತೀರಿಸಿತು. ಇನ್ನೊಂದು ಬರಲಿಲ್ಲ. ಪಂದ್ಯ ಸಮವಾಗಿ, ಅವರ ಆ ವರ್ಷದ ಆಟ ಅಲ್ಲಿಗೆ ಮುಗಿಯಿತು.

ಹುಡುಗರು ತಟ್ಟೆ ಹಿಡಿದು ಊಟದ ಮೇಜಿನ ಮುಂದೆ ಸಾಲುನಿಂತರು. ಶೆರ್ಲಿನ್ ಬಂದು ಡೊರೀನಳ ಕೈಯಿಂದ ಸೌಟು ತೆಗೆದುಕೊಂಡು ತಾನೇ ಬಡಿಸತೊಡಗಿದಳು. ಗ್ರೇಡಿ ಕಡೆಯವನಾಗಿ ಬಂದ. ಕಣ್ಣು ಕೆಂಪಾಗಿತ್ತು. ಮಗನಿಗೆ ಏನು ಹೇಳಬೇಕೆಂದು ಮೈದಾನಕ್ಕೆ ಬರುವ ದಾರಿಯುದ್ದಕ್ಕೂ ಕಟ್ಟಿಟ್ಟುಕೊಂಡಿದ್ದ ಮಾತೆಲ್ಲ ಮರೆತು, ಡೊರೀನ್ ತಾನು ಫೋನ್ ಮಾಡಿದ್ದನ್ನು ಹೇಳಿಬಿಟ್ಟಳು.

ಅವನು ಅವಳನ್ನೇ ನೋಡಿದ. "ನಾನು ಸೋಲಿಸ್ತೀನಿ ಅನ್ಕೊಂಡ್ಯಾಮ್ಮಾ?"

"ಅದಕ್ಕಲ್ವೋ. ಸೋತ್ರೆ ನೀನು ಯಾರ್ ಮುಖಾನೂ ನೋಡದೆ ಎಲ್ಲೋ ಒಬ್ನೇ ಕೂತ್ಬಿಡ್ತೀಯಾ, ನಂಗೂ ಸಿಗಲ್ಲ ಅನ್ನೋ ಭಯ."

"ಸ್ನಾನದ ಮನೇಲಿ ಕೂತಿದ್ದೆ," ಎಂದ ಗ್ರೇಡಿ. "ಬೆನೆಟ್ ಬಾಗ್ಲು ಬಡೀತಾ ನಿಂತಿದ್ದ. ಆ ಬಾಲ್ ತಾನಾಗಿದ್ರೂ ಬಿಡ್ತಿದ್ದೆ ಅಂದ. ಸುಳ್ಳು. ಅವ್ನು ಹಿಡೀತಿದ್ದ." ಮೂಗು ಒರೆಸಿಕೊಂಡು ಮತ್ತೆ ಹೇಳಿದ: "ಆದ್ರೂ ಬೆರಳು ತಾಗ್ತು. ನೋಡಿದ್ಯಾ ನೀನು?"

ಅವಳು ನೋಡಿದೆನೆಂದು ತಲೆಯಾಡಿಸಿದಳು.

ಗ್ರೇಡಿ ಅಂಗೈ ಬಿಚ್ಚಿ, ಚೆಂಡು ತಾಗಿದ ಜಾಗ ತೋರಿಸಿದ. ಬೆರಳ ತುದಿ ಊದಿಕೊಂಡಿತ್ತು. ಡೊರೀನ್ ಅದನ್ನು ಹಿಡಿದುಕೊಂಡಳು. ಮುರಿದಿದೆಯೋ, ಎಕ್ಸ್‌ರೇ ತೆಗೆಸಬೇಕೋ ಎಂದು ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡು, ಅವನು ತಾನು ಹೇಗೆ ಹಾರಿದೆನೆಂದು ವಿವರಿಸಿ ಮುಗಿಸುವವರೆಗೂ ಆ ಬೆರಳನ್ನು ಬಿಡಲೇ ಇಲ್ಲ.