ಗುಂಡ್ಲುಹೊಳೆಯ ಒಗೆಯುವ ಕಲ್ಲು

ಐವತ್ತರ ದಶಕದಲ್ಲಿ ಊಟಿಗೆ ಹೋಗುವ ನಮ್ಮಂಥವರಿಗೆ ಗುಂಡ್ಲುಪೇಟೆ ಅಂದರೆ ಕಾಫಿ ಕುಡಿದು ಮುಂದೆ ಹೋಗುವ ಜಾಗ, ಅಷ್ಟೇ. ಒಮ್ಮೆ ಅಲ್ಲೇ ಬಸ್ಸು ಕೆಟ್ಟು ನಿಂತಿತು. ಬೇಸರ ಕಳೆಯಲು ಹೊಳೆಯ ಕಡೆ ನಡೆದೆ.

ಹೆಂಗಸರು ಬಟ್ಟೆ ಒಗೆಯುತ್ತಿದ್ದ ದೊಡ್ಡ ಚಪ್ಪಡಿಯ ಅಂಚಿನಲ್ಲಿ ಹೂಬಳ್ಳಿಯ ಕೆತ್ತನೆ ಕಂಡಿತು. “ಇದು ಶಾಸನದ ಕಲ್ಲಲ್ಲವೇನಮ್ಮ?” ಎಂದೆ.

“ಊಂ ಕಣಪ್ಪ. ಅಕ್ಸರ ಸವ್ದೋಯ್ತವೆ ಅಂತ ಕೆಳಕ್ ಮಾಡಿ ಆಕಿವಿ,” ಅಂದಳು ಒಬ್ಬ ಮುದುಕಿ. “ನಮ್ಮೂರ ಕತೆಯೆಲ್ಲ ಅದ್ರಲ್ಲೇ ಅದೆ ಅಂತಾರೆ. ಓದ್ತೀಯಾ?”

ಶಾಲೆ ಕಲಿತವನೆಂಬ ಧೈರ್ಯದಲ್ಲಿ ಹೂಂ ಅಂದೆ. ತಕ್ಷಣ ಎಲ್ಲರೂ ಒಗೆತ ಬಿಟ್ಟು, ಸೆರಗು ಸಿಕ್ಕಿಸಿ, ಕಲ್ಲನ್ನು ಮಗುಚಿದರು. ಕೆಸರು ತೊಳೆದು, ಕತೆ ಕೇಳಲು ಸುತ್ತ ಕುಳಿತೇಬಿಟ್ಟರು. ನೋಡಿದರೆ ಹಳೆಯ ಲಿಪಿ! ಒಂದಕ್ಷರವೂ ತಿಳಿಯಲಿಲ್ಲ.

“ನನಗೆ ಬರುವುದಿಲ್ಲಮ್ಮ,” ಎಂದೆ. ಆ ಕಡೆ ಬಸ್ಸಿನ ಹಾರನ್ ಬೇರೆ.

“ಓಗ್ಲಿ ಬುಡಪ್ಪ. ಬಸ್ ಕೆಟ್ಟಾಗೆಲ್ಲ ಯಾರಾದ್ರೂ ಬಂದು ನಿನ್ನಂಗೇ ನೋಡ್ತಾರೆ. ಬಾ, ಒಂದ್ ಕೈ ಹಿಡಿ, ಮಗುಚನ.”

ಒದ್ದೆ ಪಂಚೆಯಲ್ಲೇ ಓಡಿ ಬಸ್ಸು ಹತ್ತಿದೆ. ಆ ಕಲ್ಲನ್ನು ಓದಬಲ್ಲವರೂ ಊಟಿಗೆ ಹೋಗುತ್ತಲೇ ಇರಬೇಕು. ಅವರ ಬಸ್ಸು ಇನ್ನೂ ಕೆಟ್ಟಿಲ್ಲ, ಅಷ್ಟೇ.